ಐದು ನಲವತ್ತರ ರಸೀದಿ

ಮಯೆರ್ಲಿ ಮತ್ತೆ ಫೋನ್ ತೆಗೆದು ನೋಡಿದಳು. ಬೆಳಗಿನಿಂದ ಇದು ಒಂಬತ್ತನೇ ಸಲ. ಅಜ್ಜಿಯ ಬ್ಯಾಂಕ್ ಖಾತೆಯಲ್ಲಿ ಹನ್ನೊಂದು ಡಾಲರ್ ಇತ್ತು. ನಿನ್ನೆಯೂ ಹನ್ನೊಂದೇ ಇತ್ತು.

ಶಾಲೆಯ ನೀರಿನ ಟ್ಯಾಂಕ್ ಹಿಂದೆ ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಶಾಲೆಗೆ ಫೋನ್ ತರುವ ಹಾಗಿರಲಿಲ್ಲ. ಟೀಚರ್ ಕಂಡರೆ ಕಿತ್ತುಕೊಳ್ಳುತ್ತಾರೆ ಎಂಬ ಭಯ ಬೇರೆ.

ಗೆಳತಿ ಡೊಮೆನಿಕಾ ಹಿಂದಿನಿಂದ ಬಂದು ಇಣುಕಿದಳು. "ಆ ಫೋನ್ ಏನು ಮೊಟ್ಟೆ ಇಡುತ್ತಾ? ಕೋಳಿ ಕಾಯೋ ಹಂಗೆ ಕಾಯ್ತಿದೀಯಲ್ಲ."

ಮಯೆರ್ಲಿಗೆ ನಗು ಬರಲಿಲ್ಲ. ಏನೂ ಇಲ್ಲ ಎಂದು ಫೋನನ್ನು ಚೀಲದ ತಳಕ್ಕೆ ತುರುಕಿದಳು. ಗಂಟೆ ಒಂಬತ್ತೂವರೆ. ದೂರದ ನಗರ ಗ್ವಾಯಾಕಿಲ್‌ಗೆ ಬಸ್ ಹೊರಡುವುದು ಹನ್ನೊಂದಕ್ಕೆ. ಆ ಬಸ್ಸಿನಲ್ಲಿ ಅಜ್ಜಿಯ ಟೋಪಿ ಹೋಗಲಿತ್ತು.

ಅದು ಅಂತಿಂಥ ಟೋಪಿಯಲ್ಲ. ನೂಲಿನಷ್ಟು ತೆಳುವಾಗಿ ಸೀಳಿದ ಹುಲ್ಲಿನ ಎಳೆಗಳಿಂದ ನರ್ಸಿಸಾ ಅಜ್ಜಿ ಅದನ್ನು ಐದು ತಿಂಗಳು ಹೆಣೆದಿದ್ದಳು. ಬಿಸಿಲೇರಿದರೆ ಎಳೆ ಒಣಗಿ ಮುರಿಯುತ್ತದೆ. ಅದಕ್ಕೇ ದಿನಾ ಬೆಳಕು ಹರಿಯುವ ಮುಂಚೆ ಎದ್ದು, ಮರದ ಅಚ್ಚಿನ ಮೇಲೆ ಎದೆಯೂರಿ ಬಗ್ಗಿ ಹೆಣೆಯುತ್ತಿದ್ದಳು. ಅವರ ಊರು ಮೊಂತೆಕ್ರಿಸ್ತಿಯಲ್ಲಿ ಟೋಪಿ ಹೆಣೆಯುವವರು ಬೇಕಾದಷ್ಟಿದ್ದಾರೆ. ಅಷ್ಟು ತೆಳುವಾಗಿ ಹೆಣೆಯುವವರು ಬೆರಳೆಣಿಕೆಯಷ್ಟು. ಕಣ್ಣು ಕೈಕೊಡುತ್ತಿದೆ, ಇಂಥದ್ದು ಇದೇ ಕೊನೆಯದು ಎಂದು ಅಜ್ಜಿ ಹೇಳಿಬಿಟ್ಟಿದ್ದಳು.

ಮನೆ ಬಾಗಿಲಿಗೆ ಬರುವ ದಲ್ಲಾಳಿ ಯಾವಾಗಲೂ ಅರ್ಧ ಬೆಲೆಗೆ ಕೇಳುತ್ತಿದ್ದ. ಈ ಸಲ ಹರಾಜಿನ ಆ್ಯಪ್‌ನಲ್ಲಿ ಹಾಕೋಣ ಎಂದವಳು ಮಯೆರ್ಲಿಯೇ. ಫೋಟೊ ತೆಗೆದವಳೂ ಅವಳೇ. ಭಾನುವಾರದಿಂದ ಬುಧವಾರದವರೆಗೆ ಬೆಲೆ ಏರುತ್ತ ಏರುತ್ತ ಆರು ನೂರು ಡಾಲರ್‌ಗೆ ನಿಂತಿತು. ಗೆದ್ದವರು ಗ್ವಾಯಾಕಿಲ್‌ನ ಸಾಲ್ಸೆಡೊ ಎಂಬುವರು. ಫೋಟೊದಲ್ಲಿ ಬಿಳಿ ಮೀಸೆಯ, ಒಳ್ಳೆಯ ಮುಖದ ಮನುಷ್ಯ.

ಅವರು ಗುರುವಾರ ಮೆಸೇಜ್ ಮಾಡಿದರು. ಆ್ಯಪ್ ಮೂಲಕ ಕೊಟ್ಟರೆ ಕಮಿಷನ್ ಹೋಗಿ ನಿಮಗೇ ನಷ್ಟ, ನೇರವಾಗಿ ಬ್ಯಾಂಕಿಗೆ ಹಾಕುತ್ತೇನೆ ಎಂದರು. ಶನಿವಾರ ಅಪ್ಪನಿಗೆ ಎಂಬತ್ತು ತುಂಬುತ್ತದೆ, ದಯವಿಟ್ಟು ಇವತ್ತೇ ಪಾರ್ಸೆಲ್ ಕೊಟ್ಟುಬಿಡಿ ಎಂದರು. ಮಧ್ಯಾಹ್ನ ಮೂರಕ್ಕೆ ದುಡ್ಡು ಕಳಿಸಿದ ರಸೀದಿಯ ಫೋಟೊ ಬಂತು. ಬೇರೆ ಬ್ಯಾಂಕು, ಖಾತೆಗೆ ಸೇರುವುದು ನಾಳೆ ಬೆಳಿಗ್ಗೆ ಎಂದೂ ಬರೆದಿದ್ದರು.

ಊರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಬ್ರೆಡ್ಡಿಗೆ, ಗ್ಯಾಸ್ ಸಿಲಿಂಡರ್‌ಗೆ, ಮೀನಿಗೆ, ಎಲ್ಲದಕ್ಕೂ ರಸೀದಿಯ ಫೋಟೊ ತೋರಿಸಿದರೆ ಸಾಕು, ಸಾಮಾನು ಕೈಗೆ ಬರುತ್ತದೆ. ಮಯೆರ್ಲಿ ಅಜ್ಜಿಯ ಹತ್ತಿರ ಓಡಿ, "ದುಡ್ಡು ಬಂತು ಅಜ್ಜಿ" ಎಂದಳು. ಅಜ್ಜಿ ಟೋಪಿಗೆ ಮುತ್ತಿಟ್ಟು, ಹಗುರ ಮರದ ಪೆಟ್ಟಿಗೆಯಲ್ಲಿಟ್ಟು, ಬಸ್ ಆಫೀಸಿನ ಪಾರ್ಸೆಲ್ ಕಿಟಕಿಗೆ ಕೊಟ್ಟು ಬಂದಳು.

ಸಂಜೆ ಮಯೆರ್ಲಿ ಖುಷಿಗೆಂದು ರಸೀದಿಯನ್ನು ದೊಡ್ಡದು ಮಾಡಿ ನೋಡಿದಳು. ದುಡ್ಡು ಕಳಿಸಿದ ಸಮಯ ಸಂಜೆ ಐದು ನಲವತ್ತು ಎಂದಿತ್ತು. ಆದರೆ ಫೋಟೊ ಬಂದಿದ್ದು ಮೂರು ಗಂಟೆಗೆ.

ಇನ್ನೂ ಆಗದ ಹೊತ್ತಿನ ರಸೀದಿ ಬರಲು ಹೇಗೆ ಸಾಧ್ಯ? ಬ್ಯಾಂಕಿನ ಗಡಿಯಾರ ಕೆಟ್ಟಿರಬೇಕು ಎಂದುಕೊಂಡಳು. ಹಾಗೆ ಅಂದುಕೊಂಡೇ ಊಟ ಮಾಡಿದಳು. ರಾತ್ರಿ ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಅಜ್ಜಿಗೆ ಹೇಳಲಿಲ್ಲ. ಹೇಳಿದರೆ ತಪ್ಪು ತನ್ನದೇ ಆಗುತ್ತಿತ್ತಲ್ಲ.

ಶಾಲೆಯಲ್ಲಿ ಹನ್ನೊಂದು ಹೊಡೆದಾಗ ಟೀಚರ್ ಬೋರ್ಡಿನ ಮೇಲೆ ನದಿಗಳ ಹೆಸರು ಬರೆಸುತ್ತಿದ್ದರು. ಮಯೆರ್ಲಿ ಒಂದೇ ನದಿಯ ಹೆಸರನ್ನು ಮೂರು ಸಲ ಬರೆದಳು.

ಹನ್ನೆರಡೂವರೆಗೆ ಶಾಲೆ ಬಿಟ್ಟಿತು. ಮನೆಯಲ್ಲಿ ಅಜ್ಜಿ ಹಾಡು ಗುನುಗುತ್ತ, ಹಸಿ ಬಾಳೆಕಾಯಿ ಬೇಯಿಸಿ ಕುಟ್ಟಿ ಉಂಡೆ ಕಟ್ಟಿಟ್ಟಿದ್ದಳು. ಒಳಗೆ ಚೀಸ್ ಕೂಡ ಹಾಕಿದ್ದಳು. ಈಗ ಒದ್ದೆ ಬಟ್ಟೆಯ ಮೇಲೆ ಹೊಸ ಟೋಪಿಯೊಂದನ್ನು ಇಟ್ಟುಕೊಂಡು ಕೂತಿದ್ದಳು. ಇದು ದಪ್ಪ ಎಳೆಯದು, ಸಾಧಾರಣದ್ದು. ಅಜ್ಜಿ ಹೆಣೆಯುತ್ತಿರಲಿಲ್ಲ, ಬಿಚ್ಚುತ್ತಿದ್ದಳು.

"ಯಾಕಜ್ಜಿ ಬಿಚ್ತಿದೀಯ?"

"ಮೊನ್ನೆ ಒಂದು ಎಳೆ ಹಾರಿಸಿಬಿಟ್ಟಿದೀನಿ ನೋಡು. ಕಣ್ಣು."

"ಯಾರಿಗೆ ಕಾಣುತ್ತೆ ಅದು?"

"ನಂಗೆ ಕಂಡಿದೆಯಲ್ಲ," ಎಂದಳು ಅಜ್ಜಿ. "ಈಗ ಬಿಚ್ಚಿದ್ರೆ ಎರಡು ದಿನದ ಕೆಲಸ ಹೋಗುತ್ತೆ. ಮುಂದಿನ ವಾರ ಬಿಚ್ಚಿದ್ರೆ ಒಂಬತ್ತು ದಿನದ್ದು. ತಿನ್ನು ಮರಿ, ಆರುತ್ತೆ."

ಮಯೆರ್ಲಿ ಉಂಡೆ ಕೈಗೆತ್ತಿಕೊಂಡಳು. ಅಜ್ಜಿಯ ಬೆರಳುಗಳು ಒಂದೊಂದೇ ಎಳೆಯನ್ನು ಹಿಂದಕ್ಕೆ ಎಳೆಯುತ್ತಿದ್ದವು. ಉಂಡೆ ಬಾಯಿಗೆ ಹೋಗಲಿಲ್ಲ.

"ಅಜ್ಜಿ, ದುಡ್ಡು ಬಂದಿಲ್ಲ," ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ರಸೀದಿ, ಐದು ನಲವತ್ತು, ಟ್ಯಾಂಕ್ ಹಿಂದೆ ನಿಂತಿದ್ದು, ಎಲ್ಲ. ಹೇಳುತ್ತ ಹೇಳುತ್ತ ಅಳು ಬಂತು.

ಅಜ್ಜಿ ಬಯ್ಯಲಿಲ್ಲ. ಪಾರ್ಸೆಲ್ ಚೀಟಿಯನ್ನು ದುಡ್ಡಿನ ಡಬ್ಬಿಯಿಂದ ತೆಗೆದು ರವಿಕೆಯೊಳಗೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಸುಡು ಬಿಸಿಲಲ್ಲಿ ಅವಳು ಅಷ್ಟು ಬೇಗ ನಡೆದದ್ದನ್ನು ಮಯೆರ್ಲಿ ಕಂಡೇ ಇರಲಿಲ್ಲ.

ಪಾರ್ಸೆಲ್ ಕಿಟಕಿಯಲ್ಲಿದ್ದವನು ಕ್ಲೆಬರ್. ಬಸ್ ಹೋಗಿ ಎರಡು ಗಂಟೆಯಾಯಿತು ಎಂದ. ಅಜ್ಜಿ ವಿಷಯ ಹೇಳಿದಾಗ ಅವನ ಮುಖ ಗಂಭೀರವಾಯಿತು. ಗ್ವಾಯಾಕಿಲ್‌ನ ಕೌಂಟರಿಗೆ ಫೋನ್ ಹಚ್ಚಿದ. ಲೈನ್ ಸಿಗಲಿಲ್ಲ. ಮತ್ತೆ ಹಚ್ಚಿದ. ಗೋಡೆ ಗಡಿಯಾರದಲ್ಲಿ ಒಂದೂವರೆ. ಬಸ್ ಅಲ್ಲಿಗೆ ಮುಟ್ಟುವುದು ಎರಡಕ್ಕೆ. ಮಯೆರ್ಲಿ ಉಗುರು ಕಚ್ಚಿ ಕಚ್ಚಿ ಚರ್ಮಕ್ಕೆ ಬಂದಿದ್ದಳು.

ಒಂದು ನಲವತ್ತೈದಕ್ಕೆ ಲೈನ್ ಸಿಕ್ಕಿತು. ಕ್ಲೆಬರ್ ಚೀಟಿಯ ನಂಬರ್ ಓದಿದ. ಆಚೆಯವರು ಏನೋ ಹೇಳಿದರು. ಅವನು ಅಜ್ಜಿಯ ಕಡೆ ತಿರುಗಿದ.

"ಒಬ್ಬ ಆಗಲೇ ಬಂದು ಕೂತಿದಾನಂತೆ. ಎರಡು ಸಲ ಕೇಳಿದಾನಂತೆ ಈ ಪೆಟ್ಟಿಗೆ ಬಂತಾ ಅಂತ."

"ಮೀಸೆ ಇದೆಯಾ?" ಎಂದು ಮಯೆರ್ಲಿ ಕೇಳಿದಳು.

ಕ್ಲೆಬರ್ ಕೇಳಿ ಹೇಳಿದ. ಮೀಸೆಯೇ ಮೂಡದ ಹುಡುಗನಂತೆ.

ಕಳಿಸಿದವರು ಚೀಟಿ ಹಿಡಿದು ಇಲ್ಲೇ ನಿಂತಿದ್ದಾರೆ, ಪೆಟ್ಟಿಗೆ ಯಾರಿಗೂ ಕೊಡಬೇಡಿ, ಮೂರರ ಬಸ್ಸಿಗೆ ವಾಪಸ್ ಹಾಕಿ ಎಂದು ಕ್ಲೆಬರ್ ಜೋರಾಗಿ ಎರಡು ಸಲ ಹೇಳಿದ.

ಅಜ್ಜಿ ಮೊಮ್ಮಗಳು ಬೆಂಚಿನ ಮೇಲೆ ಕೂತರು. ಎರಡು ಹದಿನೈದಕ್ಕೆ ಮೆಸೇಜ್‌ಗಳು ಒಂದರ ಹಿಂದೊಂದು ಬರತೊಡಗಿದವು. ಪಾರ್ಸೆಲ್ ಯಾಕೆ ಕೊಡುತ್ತಿಲ್ಲ? ದುಡ್ಡು ತಿಂದು ಮೋಸ ಮಾಡುತ್ತೀರಾ? ಪೊಲೀಸಿಗೆ ಹೇಳುತ್ತೇನೆ. ಮಯೆರ್ಲಿ ಒಂದೊಂದನ್ನೂ ಅಜ್ಜಿಗೆ ಓದಿ ಹೇಳಿದಳು. ಕಳ್ಳರು ತಾವೇ ಏನೋ ಎನ್ನಿಸಿತು.

"ಬರಿ," ಎಂದಳು ಅಜ್ಜಿ. "ಟೋಪಿ ನಮ್ಮ ಮನೇಲಿರುತ್ತೆ. ನಿಮ್ಮಪ್ಪನ್ನ ಕರ್ಕೊಂಡು ಬನ್ನಿ. ತಲೆ ಮೇಲಿಟ್ಟು ನೋಡಿ, ದುಡ್ಡು ಕೊಟ್ಟು ತಗೊಂಡು ಹೋಗಿ. ಬಾಳೆಕಾಯಿ ಉಂಡೆನೂ ಇದೆ."

ಮಯೆರ್ಲಿ ಹಾಗೇ ಬರೆದು ಕಳಿಸಿದಳು. ಆಚೆಯವರು ಓದಿದ ಗುರುತು ನೀಲಿಯಾಗಿ ಮೂಡಿತು. ಸ್ವಲ್ಪ ಹೊತ್ತಿಗೆ ಬಿಳಿ ಮೀಸೆಯ ಫೋಟೊ ಮಾಯವಾಯಿತು. ಅಲ್ಲಿ ಬರೀ ಬೂದು ಬಣ್ಣದ ಖಾಲಿ ವೃತ್ತ ಉಳಿಯಿತು.

"ನಿಂಗೆ ಯಾವಾಗ ಗೊತ್ತಾಗಿದ್ದು?" ಅಜ್ಜಿ ಮೆಲ್ಲಗೆ ಕೇಳಿದಳು.

"ನಿನ್ನೆ ಸಂಜೆ."

ಮಯೆರ್ಲಿ ಕ್ಲೆಬರ್‌ನ ಹಿಂದಿದ್ದ ಹಲಗೆಯನ್ನು ನೋಡಿದಳು. ನಿನ್ನೆ ಸಂಜೆ ಪೆಟ್ಟಿಗೆ ಅಲ್ಲೇ ಇತ್ತು. ಬೆಳಿಗ್ಗೆ ಒಂಬತ್ತೂವರೆಗೂ ಅಲ್ಲೇ ಇತ್ತು. ಮನೆಯಿಂದ ಹತ್ತು ನಿಮಿಷದ ದಾರಿ.

ಆರು ಗಂಟೆಗೆ ಬಸ್ ಬಂತು. ಪೆಟ್ಟಿಗೆಯ ಒಂದು ಮೂಲೆ ನಜ್ಜಾಗಿತ್ತು. ಅಜ್ಜಿ ಟೋಪಿಯನ್ನು ತೆಗೆದು, ಮುಳುಗುವ ಸೂರ್ಯನಿಗೆ ಹಿಡಿದು ಒಳಗಿನಿಂದ ನೋಡಿದಳು. ಒಂದೊಂದು ಸುತ್ತನ್ನೂ ನೋಡಿದಳು. ಆಮೇಲೆ ತನ್ನ ತಲೆಯ ಮೇಲೇ ಇಟ್ಟುಕೊಂಡು ಮನೆ ಕಡೆ ನಡೆದಳು.

ಮರುದಿನ ಶನಿವಾರ. ಬೆಳಕು ಹರಿಯುವ ಹೊತ್ತಿಗೆ ಮಯೆರ್ಲಿಯೂ ಎದ್ದು, ತನ್ನ ಕಲಿಕೆಯ ಪುಟ್ಟ ಟೋಪಿ ಹಿಡಿದು ಅಜ್ಜಿಯ ಪಕ್ಕ ಕೂತಳು. ಇಬ್ಬರೂ ಹೆಣೆದರು. ಇದ್ದಕ್ಕಿದ್ದಂತೆ ಅವಳ ಬೆರಳು ನಿಂತಿತು. ಅಜ್ಜಿ ಈ ಕಡೆ ನೋಡುತ್ತಲೇ ಇರಲಿಲ್ಲ.

"ಅಜ್ಜಿ, ಇಲ್ಲೊಂದು ತಪ್ಪಾಗಿದೆ."

"ಎಷ್ಟು ಸುತ್ತು ಹಿಂದೆ?"

"ಹಿಂದೆ ಅಲ್ಲ," ಎಂದಳು ಮಯೆರ್ಲಿ. "ಈಗ ತಾನೇ."