ಕಂಬ ಚಿಗುರುವ ಮನೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಚಂದನಾವತಿ ಎಂಬ ರಾಜ್ಯದಲ್ಲಿ ಒಂದು ಮನೆಯಿತ್ತು. ಮನೆ ಅಂದರೆ ಎಂಥ ಮನೆ ಅಂತೀರಿ! ಮೊದಲು ಅದು ಬುಟ್ಟಿ ಹೆಣೆಯುವ ಸಾತವ್ವನ ಗುಡಿಸಲು. ಆಕೆ ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಅಂಗಳಕ್ಕೆ ಬಂದು, "ಉಣ್ಣದವರು ಯಾರಾದರೂ ಇದ್ದೀರೇನಪ್ಪಾ?" ಎಂದು ಕೂಗುವಳು. ಬಂದವರು ಉಂಡು ಎದ್ದರೆ ಸಾಕು, ನೆಲದಿಂದ ಒಂದು ಕಂಬ ಚಿಗುರುವುದು! ಹೀಗೇ ಗುಡಿಸಲು ತೊಟ್ಟಿಮನೆಯಾಯಿತು, ಉಪ್ಪರಿಗೆ ಎದ್ದಿತು, ಸುತ್ತ ಹಲಸಿನ ತೋಪು ಹಬ್ಬಿತು. ಹಾಂ, ಮುಖ್ಯವಾದದ್ದೇ ಬಿಟ್ಟೆ: ಆ ಮನೆಯ ಉಪ್ಪು ತಿಂದವರ ಮಂತ್ರ ಆ ಮನೆಯ ಮೇಲೆ ನಡೆಯುತ್ತಿರಲಿಲ್ಲ.

ಸಾತವ್ವನ ಮರಿಮಗ ಬೀರಣ್ಣನ ಕಾಲದಲ್ಲಿ ಧೂಮಜಟಿ ಎಂಬ ಮಾಂತ್ರಿಕನ ಕಣ್ಣು ಮನೆಯ ಮೇಲೆ ಬಿತ್ತು. ಬಂದವನೇ ಅಂಗಳದ ಗೋಡೆ ಏರಿ ಕೂತ.

"ಮೂರು ಸಂಜೆ ನೋಡುತ್ತೇನೆ. ದೀಪ ಆರುವಾಗ ಈ ಅಂಗಳದಲ್ಲಿ ಒಬ್ಬ ಹಸಿದಿದ್ದರೂ ಮನೆ ನನ್ನದು. ನೀನು ಹೊಸ್ತಿಲ ಕಲ್ಲಾಗುತ್ತೀ!"

ಮೊದಲ ಸಂಜೆ ಬೀರಣ್ಣನ ಕೂಗಿಗೆ ಓಗೊಟ್ಟು ಕಲ್ಲಿನ ಆನೆ ಬಂತು. ತೋಪಿನ ಹಲಸನ್ನೆಲ್ಲ ನುಂಗಿತು. ಆದರೆ ಅದು ಸಾತವ್ವ ನೆಟ್ಟ ತೋಪು. ಹಸಿದವರಿಗೆ ಕಿತ್ತಷ್ಟೂ ಕಾಯಿ ಬಿಡುವುದು. ಆನೆ ತೇಗಿ ಹೋಯಿತು.

ಎರಡನೆಯ ಸಂಜೆ ಏಳು ಹೆಡೆಯ ಸರ್ಪ ಬಂತು. ಹೆಡೆಗೊಂದು ರುಚಿ ಬೇಕಂತೆ! ಆದರೆ ಆ ಅಡುಗೆಮನೆಯಲ್ಲಿ ಏಳು ಸೀಮೆಯ ಸೊಸೆಯರು ಹೂಡಿದ ಏಳು ಒಲೆಗಳಿದ್ದವು. ಏಳೂ ಉರಿದವು. ಸರ್ಪ ಎಲೆ ನೆಕ್ಕಿ ಹೋಯಿತು.

ಮೂರನೆಯ ಸಂಜೆ ಬೀರಣ್ಣ ಕೂಗಿದ. ಯಾರೂ ಓಗೊಡಲಿಲ್ಲ. ಬಾಗಿಲು ಹಾಕಹೋದವನಿಗೆ ಗೋಡೆಯ ಕಡೆ ಗಮನ ಹೋಯಿತು.

"ಸ್ವಾಮೀ, ತಮ್ಮ ಊಟ ಆಯಿತೇ?"

ಧೂಮಜಟಿ ಗಹಗಹಿಸಿದ. "ಇಲ್ಲ! ಕೊನೆಯ ಹಸಿದವ ನಾನೇ. ನಾನು ಉಣ್ಣೋದಿಲ್ಲ. ಏನು ಮಾಡ್ತೀಯೋ ಮಾಡು!"

ದೀಪದ ಎಣ್ಣೆ ತಳ ಮುಟ್ಟಿತ್ತು. ಬೀರಣ್ಣನ ಕಾಲ್ಬೆರಳು ಆಗಲೇ ಕಲ್ಲಾಗತೊಡಗಿತ್ತು.

"ಅಜ್ಜೀ, ಕೆಟ್ಟೆವು!"

"ಯಾಕೋ ಒದರ್ತೀಯ?" ಒಳಗಿನಿಂದ ಅಜ್ಜಿ ಚೆನ್ನವ್ವ ಗದರಿದಳು. "ಮೂರು ದಿನದಿಂದ ಬಂದವರೆಲ್ಲ ಉಣ್ಣೋದನ್ನ ನೋಡ್ತಾ ಕೂತಿದೆ ಪಾಪ, ಆ ಪ್ರಾಣಿ. ತಾಳು."

ಆಮೇಲೆ ಕೇಳಿದ್ದು ಒಂದೇ ಶಬ್ದ. ಚೊಂಯ್! ಹುರುಳಿಸಾರಿಗೆ ಬೆಳ್ಳುಳ್ಳಿ ಒಗ್ಗರಣೆ.

ಘಮ ಗೋಡೆ ಏರಿತು. ಮಾಂತ್ರಿಕ ಮೂಗು ಮುಚ್ಚಿಕೊಂಡ. ಹೊಟ್ಟೆ ಗುರ್ ಎಂದಿತು.

"ಒಂದು ತುತ್ತು. ರುಚಿ ನೋಡೋದಕ್ಕೆ ಮಾತ್ರ," ಎನ್ನುತ್ತ ಇಳಿದೇ ಬಂದ.

ತುತ್ತು ಬಾಯಿಗಿಟ್ಟ, ಉಪ್ಪು ನಾಲಿಗೆಗೆ ತಾಗಿತು, ಅವನ ಮಂತ್ರದಂಡ ನೆಲ ಕಚ್ಚಿ ಚಿಗುರಿತು! ಬೀರಣ್ಣನ ಕಾಲು ಮತ್ತೆ ಕಾಲಾಯಿತು. ದೀಪ ಆರುವಷ್ಟರಲ್ಲಿ ಎಲೆಯೂ ಖಾಲಿ.

"ಇನ್ನೊಂದು ಸೌಟು ಹಾಕವ್ವಾ," ಎಂದ ಧೂಮಜಟಿ, ತಲೆ ಎತ್ತದೆ.

ಪಡಸಾಲೆಯಲ್ಲಿ ಸೊಟ್ಟಗೆ ನಿಂತಿದೆಯಲ್ಲ, ಅದೇ ಅವನ ಕಂಬ. ಅವನು ಮತ್ತೆಲ್ಲಿಗೂ ಹೋಗಲಿಲ್ಲ. ಮನೆಯವರು, ಬಂದವರು, ಎಲ್ಲರೂ ಉಂಡು ನಕ್ಕು ತಣ್ಣಗಿದ್ದರು. ಅಂದಿನಿಂದ ಸಂಜೆಯ ಕೂಗು ಮೂರು ಊರಿಗೆ ಕೇಳಿಸತೊಡಗಿತು, ಏಕೆಂದರೆ ಕೂಗುತ್ತಿದ್ದವನು ಧೂಮಜಟಿ.