ಹೆಸರಿಲ್ಲದ ಮಳೆ

ಕಟ್ಟಾಯದಾಚೆ, ಬೋರೆ ಎನ್ನುವ ಕಲ್ಲುಗುಡ್ಡದ ಬುಡದಲ್ಲಿರುವ ಅರವತ್ತು ಮನೆಗಳ ಊರಿಗೆ ನೀರು ಬಿಡುವವನು ರುದ್ರೇಶ. ಕೊಳವೆಬಾವಿ ಬತ್ತಿ ಐದು ದಿನವಾಗಿತ್ತು. ಜನಕ್ಕೇನೋ ಟ್ಯಾಂಕರ್ ಬರುತ್ತಿತ್ತು, ದನಗಳಿಗೆ ಬರುತ್ತಿರಲಿಲ್ಲ. ಸಂಜೆಯೊಳಗೆ ದನ ಕುಡಿಯುವ ತೊಟ್ಟಿಗೆ ನೀರು ಬೀಳದಿದ್ದರೆ ಬೆಳಗ್ಗೆ ಲಾರಿ ತರಿಸಿ ಊರ ದನಗಳನ್ನೆಲ್ಲ ಸಂತೆಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ರುದ್ರೇಶನ ತುಂಬುಗಬ್ಬದ ಹಸುವೂ ಅವುಗಳಲ್ಲಿ ಒಂದು.

ಉಳಿದಿದ್ದು ಒಂದೇ ದಾರಿ. ಬೋರೆಯ ನೆತ್ತಿಯಲ್ಲಿ, ಬಂಡೆಯ ಹೊಟ್ಟೆಯೊಳಗೆ, ಮಳೆನೀರು ನಿಲ್ಲುವ ದೊಣೆಯೊಂದಿತ್ತು. ಅದು ಬತ್ತಿದ್ದನ್ನು ಕಂಡವರಿರಲಿಲ್ಲ. ಅಲ್ಲಿಂದ ತೊಟ್ಟಿಯವರೆಗೆ ಪೈಪ್ ಎಳೆಯಬೇಕು. ಹೊರಟವರು ಮೂವರು. ಪೈಪಿನ ಒಂದು ಸುರುಳಿ ರುದ್ರೇಶನ ಹೆಗಲಿಗೆ, ಇನ್ನೊಂದು ಹಾಲಿನ ಡೇರಿ ನೋಡಿಕೊಳ್ಳುವ ಪುಷ್ಪಾವತಿಯ ತಲೆಗೆ. ಹಗ್ಗ, ಮಚ್ಚು ಹಿಡಿದು ಮುಂದೆ ನಡೆದವನು ದಾರಿ ಬಲ್ಲ ಮುದುಕ ಅಣ್ಣಯ್ಯ.

"ಮಧ್ಯಾಹ್ನದ ಮ್ಯಾಲೆ ಆಲಿಕಲ್ಲು ಬೀಳ್ತದೆ ಅಂತ ಫೋನಲ್ಲಿ ಬಂದದೆ ಮಾವ," ಎಂದಳು ಪುಷ್ಪಾವತಿ.

"ಫೋನ್‌ಗೆ ಮಳೆ ಹೆಸ್ರು ಗೊತ್ತೇನಮ್ಮ? ಇದು ಅಶ್ವಿನಿ ಕೊನೇ ಪಾದ. ಈ ಪಾದದಲ್ಲಿ ಬೋರೆ ಮ್ಯಾಲೆ ಹನಿ ಬಿದ್ದದ್ದು ನಾ ಕಂಡಿಲ್ಲ. ಭರಣಿ ಉಟ್ಟಕ್ಕೆ ಇನ್ನೂ ಮೂರು ದಿನ ಅದೆ. ನಡೀರಿ," ಎಂದ ಅಣ್ಣಯ್ಯ.

ಮೊದಲ ಹನಿ ಬಿದ್ದಾಗ ಊರವರು ಅಣ್ಣಯ್ಯನ ಜಗಲಿಗೆ ಬಂದು ಯಾವ ನಕ್ಷತ್ರದ ಮಳೆಯೆಂದು ಕೇಳುವುದು ವಾಡಿಕೆ. ಅವನು ಹೇಳಿದ ಹೆಸರಿನ ಮೇಲೆ ನೇಗಿಲು ಹೂಡುತ್ತಿದ್ದರು. ಏಳೆಂಟು ವರ್ಷಗಳಿಂದ ಹೆಸರು ಒಂದಾದರೆ ಮಳೆ ಇನ್ನೊಂದು. ಆದರೂ ಜನ ಕೇಳುವುದನ್ನು ಬಿಟ್ಟಿರಲಿಲ್ಲ, ಅವನು ಹೇಳುವುದನ್ನೂ.

ಬೋರೆ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಸೀಗೆಮುಳ್ಳು, ಲಂಟಾನ, ಎಲೆಯುದುರಿದ ಬಿಕ್ಕೆ ಗಿಡಗಳ ನಡುವೆ ಕಾಲುದಾರಿ ಎಲ್ಲೋ ಕಾಣುತ್ತಿತ್ತು, ಎಲ್ಲೋ ಅಳಿಸಿಹೋಗಿತ್ತು. ಬಂಡೆ ಮುಟ್ಟಿದರೆ ಅಂಗೈ ಚುರುಕ್ಕೆನ್ನುತ್ತಿತ್ತು. ಒಂದು ಕಡೆ ಕರಡಿ ಹುತ್ತ ಬಗೆದ ಗುರುತು. ಮಣ್ಣು ಇನ್ನೂ ಹಸಿಯಾಗಿತ್ತು. ಮೂವರೂ ಮಾತು ನಿಲ್ಲಿಸಿ ಬಿರಬಿರನೆ ಹತ್ತಿದರು.

ದೊಣೆಯ ತಳದಲ್ಲಿ ಮೊಣಕಾಲುದ್ದವೂ ನೀರಿರಲಿಲ್ಲ. ಇದ್ದದ್ದು ಗೇಣುದ್ದದ ಹಸಿರು ಕೆಸರು. ಸುತ್ತ ಸತ್ತ ಜೇನುಹುಳ.

ರುದ್ರೇಶ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. "ಮುಗೀತು ದೊಡ್ಡಪ್ಪ."

ಅಣ್ಣಯ್ಯ ತಲೆಯೆತ್ತಿ ನೋಡಿದ. ಪಡುವಣದಲ್ಲಿ ಕಪ್ಪು ಮೋಡ ಗೋಡೆಯಂತೆ ಎದ್ದಿತ್ತು. ಅದು ಕವಿಯಲು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

ಮೊದಲು ಗಾಳಿ. ಆಮೇಲೆ ಆಲಿಕಲ್ಲು, ನಿಂಬೆಹಣ್ಣಿನ ಗಾತ್ರದ್ದು.

ಪುಷ್ಪಾವತಿ ಮುದುಕನನ್ನು ಬಂಡೆಯ ಸಂದಿಗೆ ಎಳೆದಳು. ಅಷ್ಟರಲ್ಲೇ ಅವನ ಹಣೆ ಒಡೆದಿತ್ತು. ಹಿಂದೆಯೇ ಮಳೆ ಕೊಡದಲ್ಲಿ ಹೊಯ್ದಂತೆ ಸುರಿಯಿತು. ಬಂಡೆಯಿಡೀ ನೀರಾಗಿ ಓಡುತ್ತಿತ್ತು. ಆದರೆ ದೊಣೆಗೆ ಒಂದು ಬೊಗಸೆಯೂ ಬರುತ್ತಿರಲಿಲ್ಲ. ನೀರೆಲ್ಲ ಆಚೆಯ ಕೊರಕಲಿಗೆ ಧುಮುಕುತ್ತಿತ್ತು.

"ಕಾಲುವೆ!" ಅಣ್ಣಯ್ಯ ಕೂಗಿದ. "ಮ್ಯಾಗಡೆ ಕಾಲುವೆ ಕಟ್ಕಂಡದೆ ಕಣ್ಲಾ!"

ರುದ್ರೇಶನಿಗೆ ನೆನಪಾಯಿತು. ನೀರನ್ನು ದೊಣೆಗೆ ತಿರುಗಿಸಲು ಹಿಂದಿನವರು ಬಂಡೆಯಲ್ಲಿ ಕಾಲುವೆ ಕಡಿದಿದ್ದರು. ಅಶ್ವಿನಿ ಹುಟ್ಟಿದ ದಿನ ಮನೆಗೊಬ್ಬರು ಬಂದು ಅದರ ಹೂಳು ಬಳಿದು ತೆಗೆಯುತ್ತಿದ್ದರು. ಹನ್ನೆರಡು ವರ್ಷದ ಕೆಳಗೆ ಕೊಳವೆಬಾವಿ ಬಂದಾಗ, ನಲ್ಲಿ ತಿರುಗಿಸಿದ್ರೆ ನೀರು ಬರ್ತದೆ, ಬೋರೆ ಯಾಕೆ ಹತ್ತೀರಿ ಎಂದು ನಕ್ಕವನು ಅವನೇ.

ಸೊಂಟಕ್ಕೆ ಹಗ್ಗ ಬಿಗಿದು ತುದಿಯನ್ನು ಪುಷ್ಪಾವತಿಗೆ ಕೊಟ್ಟ. "ಬಿಡ್ಬ್ಯಾಡ ಅಕ್ಕ."

"ಬಿಟ್ರೆ ನಾಳೆ ಬಯ್ಯಕ್ಕೆ ಯಾರವ್ರೆ ನಂಗೆ. ಓಗು."

ತೆವಳಿದ. ಕಾಲುವೆಯ ಬಾಯಲ್ಲಿ ಹನ್ನೆರಡು ವರ್ಷದ ಹೂಳು, ಅದರ ಮೇಲೆ ಲಂಟಾನದ ಬೇರು. ಮಚ್ಚಿನಿಂದ ಕೊಚ್ಚಿದ. ಮಚ್ಚು ಕೈಜಾರಿ ನೀರುಪಾಲಾಯಿತು. ಬೆರಳಿನಿಂದಲೇ ಬಗೆದ. ಉಗುರು ಕಿತ್ತುಬಂತು. ಎದುರಿನ ಬಂಡೆಗೆ ಸಿಡಿಲು ಬಡಿದು ಕಿವಿ ಕೆಪ್ಪಾಯಿತು.

ಬೇರು ಕಳಚಿತು. ನೀರು ಅವನನ್ನೂ ಎತ್ತಿಕೊಂಡು ಕೊರಕಲಿನತ್ತ ಜಾರಿತು. ಹಗ್ಗ ಬಿಗಿಯಿತು. ಪುಷ್ಪಾವತಿ ಬಂಡೆಗೆ ಕಾಲು ಕೊಟ್ಟು ಜೋತುಬಿದ್ದಳು, ಅಂಗೈ ಸುಲಿದರೂ ಬಿಡಲಿಲ್ಲ.

ಕಾಲುವೆ ಹರಿಯತೊಡಗಿತು.

ಅರ್ಧ ಗಂಟೆಯಲ್ಲಿ ಮಳೆ ಥಟ್ಟನೆ ನಿಂತು ಬಿಸಿಲು ಬಂತು. ದೊಣೆಯಲ್ಲಿ ಎದೆಮಟ್ಟ ನೀರು. ಪೈಪಿನ ಎರಡೂ ಸುರುಳಿ ಜೋಡಿಸಿ, ಮುಳುಗಿಸಿ ತುಂಬಿಸಿ, ಒಂದು ತುದಿಯನ್ನು ದೊಣೆಯಲ್ಲೇ ಬಿಟ್ಟು ಇನ್ನೊಂದನ್ನು ಒತ್ತಿ ಹಿಡಿದು, ಸುರುಳಿ ಬಿಚ್ಚುತ್ತ ಮೂವರೂ ಕುಂಟುತ್ತ ಇಳಿದರು. ಹೊತ್ತು ಮುಳುಗುವ ಮುಂಚೆ ತೊಟ್ಟಿಗೆ ಹೆಬ್ಬೆರಳು ಗಾತ್ರದ ಧಾರೆ ಬಿತ್ತು. ರುದ್ರೇಶನ ಹಸು ಎಲ್ಲಕ್ಕಿಂತ ಮೊದಲು ಮೂತಿ ಇಟ್ಟಿತು. ಲಾರಿಯವನಿಗೆ ಬರಬೇಡವೆಂದು ಹೇಳಿ ಕಳಿಸಿದರು.

ಊರಲ್ಲಿ ಇನ್ನೇನೂ ಉಳಿದಿರಲಿಲ್ಲ. ಮಾವು ನೆಲಕ್ಕೆ ಹಾಸಿತ್ತು. ಮೆಣಸಿನ ಗಿಡ ಬರೀ ಕಡ್ಡಿಯಾಗಿತ್ತು. ಹೆಂಚು ಒಡೆಯದ ಮನೆಯಿರಲಿಲ್ಲ. ಹೊಲದಲ್ಲಿ ಮಾತ್ರ ಗೇಣು ಕೆಳಗೆ ಮಣ್ಣು ಒಣಗಿಯೇ ಇತ್ತು, ಬಿದ್ದದ್ದೆಲ್ಲ ಹರಿದುಹೋಗಿತ್ತು.

ಜನ ಜಗಲಿಗೆ ಬಂದರು. ಅಣ್ಣಯ್ಯ ಹಣೆಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ.

"ಯಾವ ಮಳೆ ಅಣ್ಣಯ್ಯ ಇದು?"

"ಕಾಲ ಅಶ್ವಿನೀದು. ಮಳೆ ಯಾರ್ದೋ ನಂಗೊತ್ತಿಲ್ಲ."

ಅಣ್ಣಯ್ಯ ಗೊತ್ತಿಲ್ಲ ಎಂದದ್ದನ್ನು ಊರು ಕೇಳಿದ್ದು ಅದೇ ಮೊದಲು. ಬಂದವರು ಒಬ್ಬೊಬ್ಬರಾಗಿ ಹೋದರು.

ಪುಷ್ಪಾವತಿ ತೊಟ್ಟಿಯ ಬಳಿ ಕೇಳಿದಳು, "ಎಷ್ಟು ದಿನ ಬರ್ತದೆ ರುದ್ರ?"

"ಉಷಾರಾಗಿ ಬಿಟ್ರೆ ಅನ್ನೆರಡು ದಿನ."

"ಆಮ್ಯಾಕೆ?"

ಅವನು ಬಟ್ಟೆ ಸುತ್ತಿದ ಬೆರಳುಗಳಿಂದ ಪೈಪಿನ ತುದಿಗೆ ಸಿಕ್ಕಿಸಿದ್ದ ವಾಲ್ವನ್ನು ಅರ್ಧ ಸುತ್ತು ಬಿಗಿ ಮಾಡಿದ.

ಮೂರು ದಿನ ಕಳೆದು ಭರಣಿ ಹುಟ್ಟಿತು, ಒಣಗಿಕೊಂಡೇ. ಅಂದು ರುದ್ರೇಶ ಗುದ್ದಲಿ ಹಿಡಿದು ಅಣ್ಣಯ್ಯನ ಜಗಲಿಗೆ ಹೋದ.

"ಉಳಿದ ಕಾಲುವೆ ಬಳೀಬೇಕು ದೊಡ್ಡಪ್ಪ. ಯಾವತ್ತು ಓಗಾನ?"

ಅಣ್ಣಯ್ಯ ಆಕಾಶ ನೋಡಿದ.

"ಯಾವ ದಿನ ಅಂತ ನನ್ನ ಕೇಳ್ಬ್ಯಾಡ ಕಣ್ಲಾ," ಎಂದ. "ಇವತ್ತೇ ಓಗು."