ಹಿಂದೆ ನೋಡಬಾರದ ಕರಾರು

ಮೂರು ತಿಂಗಳ ಮೇಲೆ ಗಂಡ ಕಲ್ಲಪ್ಪ ಬಾಗಿಲಲ್ಲಿ ನಿಂತಿದ್ದ!

ರೊಟ್ಟಿ ಬಡಿಯುತ್ತಿದ್ದ ಫಕೀರವ್ವನ ಕೈ ಅಲ್ಲೇ ನಿಂತಿತು. ಹೆಂಚಿನ ಮೇಲಿದ್ದದ್ದು ಕರಕಲಾಯಿತು.

'ಈಗ ನೆನಪಾದೆನಾ ನಾನು...?'

ಆಗಿದ್ದಿಷ್ಟೇ. ಯಮಕನಮರಡಿಯ ಬಸ್ಸಿನಲ್ಲಿ ಕಂಡಕ್ಟರ್ ಏನೋ ಅಂದ, ಅವಳು ನಕ್ಕಳು. "ಯಾರಂವ? ನಿನಗ ಹೆಂಗ ಗೊತ್ತು?" ಎಂದು ಕಲ್ಲಪ್ಪ ಧುಪದಾಳದ ಮನೆ ಮುಟ್ಟುವವರೆಗೂ ಕೇಳಿದ. ಅಂದಿನಿಂದ ಅವಳು ನೀರಿಗೆ ಹೋದರೂ ತಿರುತಿರುಗಿ ನೋಡುವುದೇ ಅವನ ಕೆಲಸ. ಡೊಳ್ಳಿನ ಪದ ಹಾಡಿ ಊರನ್ನೇ ಕುಣಿಸುವವನು ಮನೆಯಲ್ಲಿ ಫೌಜದಾರನಾಗಿದ್ದ! ಸಾಕಾಗಿ ಅವಳು ಗೋಕಾಕದ ತವರಿಗೆ ಬಂದುಬಿಟ್ಟಿದ್ದಳು.

ಅವಳ ಅಪ್ಪ ಖಂಡೆಪ್ಪ ಮಾಸ್ತರರು, ಶಾಲೆಯಲ್ಲಿ ಪರದೇಶದ ಪುರಾಣಗಳನ್ನೂ ಹೇಳುವವರು, ಅಳಿಯನನ್ನು ಕೂರಿಸಿಕೊಂಡರು.

"ಗ್ರೀಕರ ದೇಶದಾಗ ನಿನ್ನಂಥಾ ಹಾಡಾಂವ ಒಬ್ಬ ಇದ್ದ. ಹಾವು ಕಡದು ಹೇಣ್ತಿ ಸತ್ಲು. ಪಾತಾಳಕ್ಕ ಹೋಗಿ ಹಾಡಿ ಯಮನ್ನ ಅಳಿಸಿದ. 'ಕರಕೊಂಡ ಹೋಗು, ಮ್ಯಾಲ ಮುಟ್ಟೂತನಾ ಹೊಳ್ಳಿ ನೋಡಬ್ಯಾಡ' ಅಂದ ಯಮ."

"ನೋಡಿದ್ನೇನ್ರಿ?"

"ನೋಡಿದ. ಹೇಣ್ತಿ ಹೋದ್ಲು! ಈಗ ನಿನ್ನ ಪಾಳಿ. ಧುಪದಾಳದ ಒಡ್ಡಿನ ತನಕ ನೀ ಮುಂದ, ಆಕಿ ಹಿಂದ. ಹೊಳ್ಳಿ ನೋಡಿದ್ಯೋ, ಮಗಳು ಕಾಯಂ ನನ್ನ ಮನ್ಯಾಗ."

"ಅಂದ್ರ ನೀವು ಯಮ ಏನ್ರಿ, ಮಾವಾರ?"

"ಸದ್ಯಕ್ಕ ಹಂಗ ತಿಳಕೋ!"

"ನಾ ನೋಡಿದ್ರ ನಿಮಗ ಹೆಂಗ ಗೊತ್ತಾಕ್ಕೈತ್ರಿ?"

"ಮಗಳು ಹೇಳತಾಳ. ಆಕಿ ಸುಳ್ಳ ಹೇಳಾಕಿ ಅಲ್ಲ. ಅದು ನಿನಗ ತಿಳೀಲಿಲ್ಲ."

ಕಲ್ಲಪ್ಪ ಒಪ್ಪಿ ಮುಂದೆ ಹೊರಟ, ಫಕೀರವ್ವ ಹಿಂದೆ.

೧೯೫೬ರ ಶ್ರಾವಣ. ದಾರಿಯೆಲ್ಲ ಕೆಸರು. ಫಕೀರವ್ವನ ಕಣ್ಣು ಗಂಡನ ಕುತ್ತಿಗೆಯ ಮೇಲೇ ಇತ್ತು. ಅವನು ಒಂದು ಸಲ ತಿರುಗಿದರೆ ಮುಗಿಯಿತು... ಗಂಡನೂ ಇಲ್ಲ, ಅವನ ಹಾಡೂ ಇಲ್ಲ. 'ನೋಡಬೇಡ, ನೋಡಬೇಡ...' ಎಂದು ಅವನ ಬೆನ್ನಿಗೇ ಬೇಡಿಕೊಳ್ಳುತ್ತ ನಡೆದಳು.

ಜಲಪಾತದ ಹತ್ತಿರ ನೀರಿನ ಅಬ್ಬರದಲ್ಲಿ ಅವಳ ಗೆಜ್ಜೆಯ ಸದ್ದು ಮುಳುಗಿಹೋಯಿತು. ಕಲ್ಲಪ್ಪನ ಹೆಜ್ಜೆ ತಡವರಿಸಿತು. ಕುತ್ತಿಗೆ ಇನ್ನೇನು ಹೊರಳಬೇಕು... ಅವನು ಎರಡೂ ಕೈಯಲ್ಲಿ ತನ್ನ ತಲೆಯನ್ನೇ ಹಿಡಿದು ಮುಂದಕ್ಕೆ ತಿರುಗಿಸಿಕೊಂಡ!

ಒಡ್ಡು ಇನ್ನೂ ದೂರವಿತ್ತು. ಆಗ ಅವಳ ಅಂಗಾಲಿಗೆ ಜಾಲಿಮುಳ್ಳು ನಾಟಿತು.

"ಅಯ್ಯವ್ವಾ!"

ಅವನು ನಿಂತ. ತಿರುಗಲಿಲ್ಲ.

'ನಾನಿಲ್ಲಿ ಸತ್ತರೂ ತಿರುಗುವುದಿಲ್ಲವೇ ಇವನು?' ನೋಡಬೇಡ ಎಂದು ಬೇಡಿಕೊಂಡವಳೇ ಈಗ ನೋಡಲಿಲ್ಲವೆಂದು ಅಳುತ್ತಿದ್ದಳು. ಅವಳಿಗೆ ಅಷ್ಟು ನೋವಾಗಿತ್ತು, ಕಾಲಿಗಿಂತ ಮನಸ್ಸಿಗೆ.

ಆಮೇಲೆ ನಡೆದದ್ದು ಗ್ರೀಕರಿಗೂ ಹೊಳೆದಿರಲಿಕ್ಕಿಲ್ಲ. ಕಲ್ಲಪ್ಪ ಹಿಂದಹಿಂದಕ್ಕೆ ನಡೆಯತೊಡಗಿದ! ಕಲ್ಲಿಗೆ ಎಡವಿ, ಬೇಲಿಗೆ ತಾಗಿ, ಅವಳಿಗೆ ಬೆನ್ನು ಮಾಡಿ ಕುಕ್ಕರಿಸಿ ಕೈಯನ್ನು ಹಿಂದೆ ಚಾಚಿದ.

"ಕಾಲ ಕೊಡು."

ಬೆರಳಿನಿಂದಲೇ ತಡಕಾಡಿ ಮುಳ್ಳು ಕಿತ್ತ.

"ನೋಡಿ ತಗೀಬಾರದೇನ್ರಿ?"

"ನೋಡಿದ್ರ ನೀ ಹೋಗತಿ, ಫಕೀರವ್ವ. ಮೂರ ತಿಂಗಳಾತು, ಬಾಯಾಗ ಒಂದ ಪದ ಬಂದಿಲ್ಲ. ನೀ ನಕ್ಕರ ನನ್ನ ಮುಂದಷ್ಟ ನಗಬೇಕು ಅಂತ ಹಟಾ ಮಾಡಿದೆ. ಖರೆ ಹೇಳತೇನಿ... ತಪ್ಪ ನಂದ."

ಫಕೀರವ್ವ ಕಣ್ಣೊರೆಸಿಕೊಂಡು ಎದ್ದಳು. ಮದುವೆಯಾದಂದಿನಿಂದ ಗಂಡನ ಹಿಂದೆಯೇ ನಡೆದವಳು, ಕುಂಟುತ್ತ ಅವನನ್ನು ಸುತ್ತಿ ಬಂದು ಎದುರಿಗೆ ನಿಂತಳು.

ಕಲ್ಲಪ್ಪ ಗಾಬರಿಯಿಂದ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ!

"ಕಣ್ಣ ತಗೀರಿ. ಹಿಂದ ನೋಡಬ್ಯಾಡ ಅಂದಾನ ನಮ್ಮಪ್ಪ. ಮುಂದ ನೋಡಬ್ಯಾಡ ಅಂದಿಲ್ಲ."

ಅವನು ಮೆಲ್ಲಗೆ ಕಣ್ಣು ತೆರೆದ. ಅವಳು ಅಳುತ್ತಲೇ ನಗುತ್ತಿದ್ದಳು.

"ಇನ್ನ ಮ್ಯಾಲ ನೀನ ಮುಂದ ನಡಿ, ಫಕೀರವ್ವ. ನಾ ಹಿಂದ ಬರತೇನಿ."

"ಬ್ಯಾಡ್ರಿ. ಕುಂಟಾಕತ್ತೇನಿ... ಬಾಜೂಕ ಬಂದು ಕೈ ಹಿಡೀರಿ."